ಆಯೇರಿ ಯಾರಿಗೆ?

ಸಂಗ್ಯಾ ಬಾಳ್ಯಾ ಸಣ್ಣಾಟ ಆಡಿದ ಮರುದಿನ ನಮ್ಮ ಕಡೆಯ ಚಹಾದಂಗಡಿಗಳಲ್ಲಿ ಒಂದೇ ಪಂಚಾಯ್ತಿ: ತಪ್ಪು ಯಾರದು? ಗಂಡನಿದ್ದವಳ ಮೇಲೆ ಮನಸ್ಸಿಟ್ಟ ಸಂಗ್ಯಾನದೋ, ಬ್ಯಾಡ ಬ್ಯಾಡ ಅನ್ನುತ್ತಲೇ ಕೊನೆಗೆ ಒಲಿದ ಗಂಗಿಯದೋ, ನಡುವೆ ಓಡಾಡಿ ಗಂಟು ಹಾಕಿಸಿದ ಮುದುಕಿಯದೋ, ಕೈಯಲ್ಲಿ ಆಯುಧ ಹಿಡಿದ ಅವಳ ಗಂಡ ಈರಣ್ಣನದೋ, ಜೀವದ ಗೆಳೆಯ ಅನ್ನಿಸಿಕೊಂಡು ಕೈಕೊಟ್ಟ ಬಾಳ್ಯಾನದೋ? ಸಂಗ್ಯಾನದು ಬೈಲಹೊಂಗಲದಲ್ಲೇ ನಡೆದ ಕೊಲೆ ಎಂದು ಹೇಳಿಕೊಂಡು ಬಂದಿದ್ದಾರೆ. ಅದನ್ನು ಸಣ್ಣಾಟವಾಗಿ ಕಟ್ಟಿದವರು ಪತ್ತಾರ ಮಾಸ್ತರರು ಎಂಬ ಮಾತಿದೆ. ಘೋಡಗೇರಿಯ ಚಂದ್ರಶೇಖರ ಕಂಬಾರರು ಅದನ್ನು ಸಂಪಾದಿಸಿ ಅಚ್ಚು ಹಾಕಿಸಿದ ಮೇಲೆ ಓದುವವರಿಗೂ ಸಿಕ್ಕಿತು, ನಗರದ ರಂಗಭೂಮಿಗೂ ಹೋಯಿತು. ಕೊಲೆಯಾಗಿ ಅಷ್ಟು ತಲೆಮಾರು ಕಳೆದರೂ ಚಹಾದಂಗಡಿಯಲ್ಲಿ ತೀರ್ಪು ಮಾತ್ರ ಇನ್ನೂ ಆಗಿಲ್ಲ.

ಇದೇ ಪಂಚಾಯ್ತಿ ಈಗ ಕಂಪ್ಯೂಟರ್ ಮುಂದೆ ಕೂತ ಹುಡುಗ ಹುಡುಗಿಯರ ನಡುವೆಯೂ ನಡೆಯುತ್ತದೆ ಎಂದು ನನಗೆ ಗೊತ್ತಾದದ್ದು ಅಣ್ಣನ ಮಗಳಿಂದ. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವವಳು. ರಜೆಗೆ ಸವದತ್ತಿಯ ನಮ್ಮ ಮನೆಗೆ ಬಂದಾಗ ಫೋನಿನಲ್ಲಿ ಗೆಳತಿಯ ಜೊತೆ ಜಗಳಕ್ಕೇ ನಿಂತಿದ್ದಳು. "ನೀ ಅವನ್ನ ತಡೀಬೇಕಿತ್ತಲೇ. ಆ ಪಾಪ ಎಲ್ಲಾ ನಿನ್ನ ತಲಿಮ್ಯಾಲ." ಕಾಲೇಜಿನ ಯಾವುದೋ ಹುಡುಗನ ಕಥೆ ಇರಬೇಕೆಂದು ನಾನು ಅಡುಗೆಮನೆಯಿಂದಲೇ ಕಿವಿ ಚುರುಕು ಮಾಡಿದೆ. ಕೇಳಿದರೆ ಅವನ ಹೆಸರು ಅಸ್ಟೇರಿಯನ್, ಊರು ಬಾಲ್ಡರ್ಸ್ ಗೇಟ್, ವಯಸ್ಸು ಇನ್ನೂರರ ಮೇಲೆ, ಕುಡಿಯುವುದು ರಕ್ತ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಬೈಲಹೊಂಗಲದ ಹತ್ತಿರದ ಹಳ್ಳಿಯವಳು. ನಮ್ಮಪ್ಪ ಸಣ್ಣಾಟದ ಮೇಳಕ್ಕೆ ಪೇಟಿ ಬಾರಿಸುತ್ತಿದ್ದ. ಆಟ ಎಂದರೆ ಊಟ ಮುಗಿಸಿ ಚಾಪೆ ಕಂಬಳಿ ಹೊತ್ತುಕೊಂಡು ಹೋಗಿ, ಕೋಳಿ ಕೂಗುವ ಹೊತ್ತಿಗೆ ಕಣ್ಣುಜ್ಜುತ್ತ ಬರುವುದು ಎಂದಷ್ಟೇ ತಿಳಿದಿದ್ದ ನನಗೆ ಈ ಹೊಸ ಆಟದ ಮೇಲೆ ಕುತೂಹಲ ಹುಟ್ಟಿದ್ದು ಆ ಜಗಳದಿಂದ. ಇಲ್ಲದ ಮನುಷ್ಯನೊಬ್ಬನ ವಿಷಯದಲ್ಲಿ ಪಾಪ ಪುಣ್ಯದ ಲೆಕ್ಕ ಹಾಕುವಷ್ಟು ಮನಸ್ಸು ಕೊಟ್ಟಿದ್ದಾರೆ ಎಂದರೆ ಅದರಲ್ಲಿ ಏನೋ ಇರಲೇಬೇಕು. ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಎರಡು ದಿನಕ್ಕೆ ಮೌಸ್ ನನ್ನ ಕೈಗೇ ಬಂತು.

ಒಲವಿಗೆ ಅಂಕ

ಇವನ್ನು ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಆಡುವವನು ಒಂದು ವೇಷ ತೊಡುತ್ತಾನೆ, ಆ ವೇಷದಲ್ಲಿ ಮಾತಾಡುತ್ತಾನೆ, ನಿರ್ಧಾರ ಮಾಡುತ್ತಾನೆ. ಈ ಬಗೆಯ ಆಟಗಳ ಮೂಲ 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಅದಕ್ಕೆ ಕಂಪ್ಯೂಟರ್ ಬೇಕಿರಲಿಲ್ಲ. ಮೇಜಿನ ಸುತ್ತ ಕೂತ ಗೆಳೆಯರಲ್ಲಿ ಒಬ್ಬ ಕಥೆ ನಡೆಸುವವನು, ಉಳಿದವರು ಪಾತ್ರಧಾರಿಗಳು. ಕೆಲಸ ಕೈಗೂಡುತ್ತದೋ ಇಲ್ಲವೋ ಎಂದು ಹೇಳಲು ಇಪ್ಪತ್ತು ಮುಖದ ದಾಳ. ಮುಂದಿನ ಆವೃತ್ತಿಗಳಲ್ಲಿ ಪ್ರತಿ ಪಾತ್ರದ ಹಾಳೆಯ ಮೇಲೂ ಇವನು ಒಳ್ಳೆಯವನು, ಇವನು ಕೆಟ್ಟವನು, ಇವನು ಎರಡಕ್ಕೂ ಸೇರದವನು ಎಂದು ಮೊದಲೇ ಬರೆದಿರುತ್ತಿತ್ತು.

ಇದೇ ಪದ್ಧತಿ ಕಂಪ್ಯೂಟರಿಗೆ ಬಂದಾಗ ಪಕ್ಕದಲ್ಲಿ ಕೂರುವ ಗೆಳೆಯರ ಜಾಗಕ್ಕೆ ಕಥೆಯೊಳಗಿನ ಜೊತೆಗಾರರು ಬಂದರು. ಕಂಪ್ಯಾನಿಯನ್ ಎನ್ನುವುದು ಇವರನ್ನೇ. ನಿಮ್ಮೊಡನೆ ನಡೆಯುತ್ತಾರೆ, ನಿಮ್ಮ ಪರವಾಗಿ ಕಾದಾಡುತ್ತಾರೆ, ರಾತ್ರಿ ಬಿಡಾರದಲ್ಲಿ ಬೆಂಕಿ ಕಾಯಿಸುತ್ತ ತಮ್ಮ ಹಳೆಯ ಗಾಯಗಳನ್ನು ಹೇಳಿಕೊಳ್ಳುತ್ತಾರೆ. ಇವರ ಜೊತೆ ಪ್ರೇಮ ಬೆಳೆಸುವ ದಾರಿಯನ್ನು ಗಟ್ಟಿಯಾಗಿ ತೆರೆದದ್ದು ಕೆನಡಾದ ಬಯೋವೇರ್ ಸಂಸ್ಥೆ, 2000ದಲ್ಲಿ ಬಂದ 'ಬಾಲ್ಡರ್ಸ್ ಗೇಟ್ 2'ರಲ್ಲಿ. ಆಮೇಲೆ ಪ್ರೇಮಪ್ರಸಂಗ ಇಲ್ಲದ ಇಂಥ ಆಟಗಳೇ ಅಪರೂಪ ಎನ್ನುವಂತಾಯಿತು.

ಪ್ರೇಮ ಬಂದ ಮೇಲೆ ಅದನ್ನು ಅಳೆಯುವ ಪ್ರಶ್ನೆಯೂ ಬಂತು. ಯಂತ್ರಕ್ಕೆ ಅಂಕಿ ಬಿಟ್ಟು ಬೇರೆ ಭಾಷೆ ತಿಳಿಯದು. ಹಾಗಾಗಿ ಜೊತೆಗಾರನ ಮನಸ್ಸಿಗೆ ಒಂದು ಮೀಟರ್ ಕೂಡಿಸಿದರು. ನೀವು ಆಡಿದ ಮಾತು ಹಿಡಿಸಿದರೆ ಏರುತ್ತದೆ, ಹಿಡಿಸದಿದ್ದರೆ ಇಳಿಯುತ್ತದೆ. 2009ರ 'ಡ್ರ್ಯಾಗನ್ ಏಜ್: ಒರಿಜಿನ್ಸ್'ನಲ್ಲಿ ಉಡುಗೊರೆಯಿಂದಲೂ ಅದನ್ನು ಏರಿಸಬಹುದಿತ್ತು. ಹಗಲೆಲ್ಲ ಅವಳ ಮನಸ್ಸಿಗೆ ವಿರುದ್ಧ ನಡೆದು, ಸಂಜೆಗೆ ಒಂದು ಸರವನ್ನೋ ಕನ್ನಡಿಯನ್ನೋ ಕೈಗಿಟ್ಟು ಲೆಕ್ಕ ಸರಿ ಮಾಡಿಕೊಳ್ಳಬಹುದಿತ್ತು. ಹಳ್ಳಿಗಾಡಿನ ಬೇಸಾಯದ ಆಟ 'ಸ್ಟಾರ್‌ಡ್ಯೂ ವ್ಯಾಲಿ'ಯಲ್ಲೂ (2016) ಮದುವೆಗೆ ಹೋಗುವ ದಾರಿ ಬಹಳಮಟ್ಟಿಗೆ ಕೊಟ್ಟ ಕಾಣಿಕೆಗಳ ಮೇಲೆಯೇ ನಡೆಯುತ್ತದೆ.

ಕಾಣಿಕೆಯಿಂದ ಒಲವು ಕೊಳ್ಳಬಹುದೇ ಎಂಬ ಪ್ರಶ್ನೆಯನ್ನು ನಮ್ಮ ಸೀಮೆ ಬಹಳ ಹಿಂದೆಯೇ ರಂಗದ ಮೇಲೆ ತಂದಿದೆ. ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಮನೆಮಾತು ಮಾಡಿದ ಶ್ರೀಕೃಷ್ಣ ಪಾರಿಜಾತದ ಇಡೀ ರಾತ್ರಿಯ ಗದ್ದಲಕ್ಕೆ ಕಾರಣ ಒಂದು ಹೂವು. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿದಳು. ಆಟದ ಭಾಷೆಯಲ್ಲಿ ಹೇಳುವುದಾದರೆ ಒಬ್ಬಳ ಮೀಟರ್ ಏರಿತು, ಇನ್ನೊಬ್ಬಳದು ನೆಲಕಚ್ಚಿತು. ಆದರೆ ಭಾಮೆಯ ಸಿಟ್ಟು ಹೂವಿನ ಬೆಲೆಗೆ ಬಂದದ್ದಲ್ಲ, ತನ್ನನ್ನು ಎಣಿಕೆಗೇ ತೆಗೆದುಕೊಳ್ಳಲಿಲ್ಲವಲ್ಲ ಎಂಬುದಕ್ಕೆ. ಕೃಷ್ಣ ಗಿಡವನ್ನೇ ತಂದು ಅವಳ ಅಂಗಳದಲ್ಲಿ ನೆಟ್ಟರೂ ಹೂವು ರುಕ್ಮಿಣಿಯ ಅಂಗಳಕ್ಕೆ ಉದುರುತ್ತಿತ್ತು ಎಂದು ಹಿರಿಯರು ಹೇಳುವುದು ಅದಕ್ಕೇ. ಕಾಣಿಕೆಯ ಮಾತಿಗೆ ನಮ್ಮಲ್ಲಿ ಇನ್ನೊಂದು ಕಥೆಯೂ ಇದೆ. ರಾಮದುರ್ಗ ತಾಲ್ಲೂಕಿನ ಸುರೇಬಾನದ ಹತ್ತಿರ ಶಬರಿಕೊಳ್ಳವಿದೆ. ಅಲ್ಲಿಯ ಜನ ಹೇಳುವ ಶಬರಿ ಕಚ್ಚಿ ರುಚಿ ನೋಡಿ ರಾಮನಿಗೆ ಹಣ್ಣು ಕೊಟ್ಟವಳು. ಯಾವ ಮೀಟರಿನಲ್ಲೂ ಅದು ಒಳ್ಳೆಯ ಕಾಣಿಕೆ ಅನ್ನಿಸಿಕೊಳ್ಳಲಾರದು.

ಕಿತ್ತೂರಿನ ಬಣ್ಣ, ಬೈಲಹೊಂಗಲದ ಬಣ್ಣ

ಮೀಟರಿನ ಜೊತೆಗೇ ಬಂದದ್ದು ಧರ್ಮಾಧರ್ಮದ ಬಣ್ಣ. 2003ರಲ್ಲಿ ಬಯೋವೇರ್ ಮಾಡಿದ ಸ್ಟಾರ್ ವಾರ್ಸ್ ಆಟ 'ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್'ನಲ್ಲಿ ಪ್ರತಿ ನಿರ್ಧಾರವೂ ಬೆಳಕಿನ ಕಡೆಗೋ ಕತ್ತಲೆಯ ಕಡೆಗೋ ಜಮಾ ಆಗುತ್ತದೆ. ಬಾಸ್ಟಿಲಾ ಎಂಬ ಜೊತೆಗಾತಿ ದಾರಿ ತಪ್ಪಿ ಶತ್ರುವಿನ ಕಡೆ ನಿಂತಾಗ ಬೆಳಕಿನ ನಾಯಕ ಅವಳನ್ನು ಪ್ರೇಮದ ಬಲದಿಂದ ಹಿಂದಕ್ಕೆ ಕರೆದು ತರಬಹುದು, ಕತ್ತಲೆಯ ನಾಯಕ ಅವಳೊಡನೆ ಸೇರಿ ಲೋಕ ಆಳಬಹುದು. 2007ರ 'ಮಾಸ್ ಎಫೆಕ್ಟ್'ನಲ್ಲಿ ಇದೇ ಲೆಕ್ಕ ನೀಲಿ ಮತ್ತು ಕೆಂಪು ಆಯಿತು. ನೀಲಿ ಎಂದರೆ ಸಜ್ಜನ, ಕೆಂಪು ಎಂದರೆ ಕಟುಕ. ಆಡುವವರು ಎದುರಿಗಿದ್ದವನ ಮುಖ ನೋಡುವುದನ್ನು ಬಿಟ್ಟು ಬಣ್ಣ ನೋಡಿ ಉತ್ತರ ಒತ್ತುವುದನ್ನು ಕಲಿತರು.

ಬಣ್ಣ ಹಚ್ಚುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಕಿತ್ತೂರಿನ ಚೆನ್ನಮ್ಮನ ಆಟಕ್ಕೆ ಆ ಬಣ್ಣ ಬೇಕೇ ಬೇಕು. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಬಿದ್ದ ಪ್ರಸಂಗದಲ್ಲಿ ಸಿಳ್ಳೆ ಹೊಡೆಯದವರಿಲ್ಲ. ದ್ರೋಹ ಬಗೆದ ಮಲ್ಲಪ್ಪಶೆಟ್ಟಿ, ವೆಂಕಟರಾಯರ ಪಾತ್ರಧಾರಿಗಳು ಆಟ ಮುಗಿದ ಮೇಲೂ ಬೈಗುಳ ತಿನ್ನುವುದುಂಟು. ಅಲ್ಲಿ ದ್ರೋಹ ದ್ರೋಹವೇ, ಮರುದಿನ ಪಂಚಾಯ್ತಿ ನಡೆಯುವುದಿಲ್ಲ. ಆದರೆ ಅದೇ ಚೆನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ಕಣ್ಣುಮುಚ್ಚಿದ ಬೈಲಹೊಂಗಲದಲ್ಲಿ ಜನ ಇಡೀ ರಾತ್ರಿ ಎಚ್ಚರ ಕೂತು ನೋಡಿದ್ದು ಸಂಗ್ಯಾನ ಆಟವನ್ನು. ಕಿತ್ತೂರಿಗೂ ಬೈಲಹೊಂಗಲಕ್ಕೂ ಒಂದು ತಾಸಿನ ಬಸ್ಸಿನ ದಾರಿ. ನಾಡಿನ ವಿಷಯಕ್ಕೆ ಒಂದು ಬಣ್ಣ ಸಾಕು, ಮನೆಯೊಳಗಿನ ಒಲವಿನ ವಿಷಯಕ್ಕೆ ಸಾಲದು ಎಂಬುದು ಈ ಜನರಿಗೆ ಗೊತ್ತಿತ್ತು.

ಸಂಗ್ಯಾ ಬಾಳ್ಯಾ ಕೂಡ ಕೊನೆಗೆ ನೀತಿ ಹೇಳುತ್ತದೆ. ಪರಸ್ತ್ರೀಯ ಮೋಹ ಕೂಡದು, ದುಷ್ಟರ ಗೆಳೆತನ ಕೂಡದು ಎನ್ನುತ್ತದೆ. ಆದರೆ ಆ ಮಾತು ಬರುವ ಹೊತ್ತಿಗೆ ಬೆಳಕು ಹರಿದಿರುತ್ತದೆ, ಹೆಂಗಸರು ಕಂಬಳಿ ಮಡಚುತ್ತಿರುತ್ತಾರೆ, ಎತ್ತುಗಳಿಗೆ ಮೇವು ಹಾಕುವ ಚಿಂತೆ ಶುರುವಾಗಿರುತ್ತದೆ. ನೀತಿಗೆ ಸಿಕ್ಕಿದ್ದು ಐದು ನಿಮಿಷ, ಒಲವಿಗೆ ಸಿಕ್ಕಿದ್ದು ರಾತ್ರಿ.

ಜನರ ನಿಜವಾದ ತೀರ್ಪು ಗೊತ್ತಾಗುತ್ತಿದ್ದುದು ಆಯೇರಿಯಲ್ಲಿ. ನಮ್ಮ ಕಡೆ ಆಟದ ನಡುವೆಯೇ ಯಾರಾದರೂ ಎದ್ದು ಬಂದು ಪಾತ್ರಧಾರಿಯ ಎದೆಗೆ ನೋಟು ಚುಚ್ಚುತ್ತಾರೆ. ಪೇಟಿ ನಿಲ್ಲುತ್ತದೆ. ಇಂಥ ಊರಿನ ಇಂಥವರು ಇಂಥ ಪಾತ್ರಕ್ಕೆ ಇಷ್ಟು ಆಯೇರಿ ಮಾಡಿದ್ದಾರೆ ಎಂದು ಮೈಕಿನಲ್ಲಿ ಕೂಗಿ ಹೇಳಿ, ಬಿಟ್ಟಲ್ಲಿಂದ ಆಟ ಮತ್ತೆ ಶುರು. ಪೇಟಿಯ ಮುಂದೆ ಕೂತ ಅಪ್ಪನಿಗೆ ಎಲ್ಲವೂ ಕಾಣುತ್ತಿತ್ತು. ಸಂಗ್ಯಾ ಹಂಬಲಿಸಿ ಹಾಡುವಾಗ ಹರೆಯದ ಹುಡುಗರ ಆಯೇರಿ. ಅವನು ಸತ್ತು ಬೀಳುವ ಮುಂಚೆ ಬಾಳ್ಯಾನ ಕೈಹಿಡಿದು ಕೇಳುವಾಗ ಹಿರಿಯರ ಆಯೇರಿ. ಗಂಗಿ ಬ್ಯಾಡ ಅನ್ನುವಾಗ ಯಾರೂ ಏಳುತ್ತಿರಲಿಲ್ಲ. "ಬಾಳ್ಯಾನ ಪಾರ್ಟು ಮಾಡಾಂವಗ ಮೇಳದಾಗ ಪಗಾರ ಜಾಸ್ತಿ ಕೊಡಬೇಕಾಗ್ತದ, ಅಂವಗ ಮಂದಿ ಏನೂ ಕೊಡೂದಿಲ್ಲ" ಎಂದು ಅಪ್ಪ ನಗುತ್ತಿದ್ದ.

ಅಪ್ಪನ ಮೇಳದಲ್ಲಿ ಮೊದಲು ಗಂಗಿಯ ವೇಷ ಹಾಕುತ್ತಿದ್ದವನು ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಅಂಡಿಗೆ ಹೊರುವ ಗಂಡಸು. ಒಳ್ಳೆಯ ಕಂಠ, ಒಳ್ಳೆಯ ನಡಿಗೆ. ಆದರೆ ಅವನ ಗಂಗಿ ಬ್ಯಾಡ ಅನ್ನುವುದು ಬಾ ಅನ್ನುವ ಹಾಗೆಯೇ ಕೇಳುತ್ತಿತ್ತು. ಕೆಲವು ವರ್ಷದ ನಂತರ ಮೇಳಕ್ಕೆ ಒಬ್ಬ ಹೆಣ್ಣುಮಗಳು ಬಂದಳು. ಅವಳು ಆ ಪ್ರಸಂಗವನ್ನು ಉದ್ದ ಮಾಡಿದಳು. ಮುದುಕಿ ಬಂದು ಸೀರೆ, ಬಂಗಾರ ಎಂದು ಆಸೆ ತೋರಿಸಿದಾಗ ಮೂಲೆಯ ರೊಟ್ಟಿಬುಟ್ಟಿಯ ಮೇಲಿನ ಅರಿವೆ ಸರಿಮಾಡುತ್ತ, ಅವಳತ್ತ ತಿರುಗದೆಯೇ ಮಾತಾಡುತ್ತಿದ್ದಳು. ಪುಸ್ತಕದಲ್ಲಿ ಅದು ಇರಲಿಲ್ಲ. ಸಣ್ಣಾಟದಲ್ಲಿ ಮಾತು ಪಾತ್ರಧಾರಿಯ ಸ್ವಂತ ಆಸ್ತಿ. ಆಗ ಮೊದಲ ಸಲ ಗಂಗಿಯ ಬ್ಯಾಡಕ್ಕೆ ಆಯೇರಿ ಬಂತು, ಅದೂ ಹೆಂಗಸರ ಕಡೆಯಿಂದ, ಒಬ್ಬ ಹುಡುಗನ ಕೈಯಲ್ಲಿ ಕೊಟ್ಟು ಕಳಿಸಿದ ಎರಡು ರೂಪಾಯಿ. ಕಥೆ ಬದಲಾಗಲಿಲ್ಲ, ಅಂತ್ಯ ಬದಲಾಗಲಿಲ್ಲ. ಗಂಗಿಗೂ ಒಂದು ಮನಸ್ಸಿದೆ ಎಂದು ತೋರಿಸಿದ್ದಕ್ಕೆ ಅಲ್ಲಿಂದ ಮುಂದಿನದೆಲ್ಲ ಬೇರೆಯಾಗಿ ಕಂಡಿತು.

ಅಸ್ಟೇರಿಯನ್ನನ ಬೆನ್ನು

ಈಗ ಆ ರಕ್ತ ಕುಡಿಯುವವನ ಹತ್ತಿರ ಬರುತ್ತೇನೆ. 'ಬಾಲ್ಡರ್ಸ್ ಗೇಟ್ 3' 2023ರ ಆಗಸ್ಟ್ 3ರಂದು ಬಿಡುಗಡೆಯಾಯಿತು. ಮಾಡಿದ್ದು ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್. ಆ ವರ್ಷದ 'ದಿ ಗೇಮ್ ಅವಾರ್ಡ್ಸ್'ನಲ್ಲಿ ವರ್ಷದ ಆಟ ಎನ್ನಿಸಿಕೊಂಡಿತು. ಅಸ್ಟೇರಿಯನ್ನನಿಗೆ ದನಿ ಕೊಟ್ಟ ನೀಲ್ ನ್ಯೂಬನ್‌ಗೆ ಅತ್ಯುತ್ತಮ ಅಭಿನಯದ ಪ್ರಶಸ್ತಿ ಬಂತು. ಮನೆಯಲ್ಲಿ ಮಕ್ಕಳಿರುವವರು ಗಮನಿಸಬೇಕು, ಇದು ದೊಡ್ಡವರಿಗಾಗಿ ಮಾಡಿದ ಆಟ, ಯುರೋಪಿನಲ್ಲಿ 18ರ ಗುರುತು ಹೊತ್ತಿದೆ.

ಅಸ್ಟೇರಿಯನ್ ಕಾಜಡಾರ್ ಎಂಬ ದೊಡ್ಡ ವ್ಯಾಂಪೈರನ ಗುಲಾಮನಾಗಿ ಇನ್ನೂರು ವರ್ಷ ಕಳೆದವನು. ಯಜಮಾನನಿಗೆ ಬೇಟೆ ತರಲು ಚೆಂದದ ಮುಖ, ಸಿಹಿ ಮಾತು, ತನ್ನ ಮೈ ಎಲ್ಲವನ್ನೂ ಬಳಸಬೇಕಾಗಿ ಬಂದವನು. ಅದೇ ಅಭ್ಯಾಸದಲ್ಲಿ ನಿಮ್ಮನ್ನೂ ಒಲಿಸಿಕೊಳ್ಳಲು ಬರುತ್ತಾನೆ. ಮೊದಮೊದಲು ಅದು ಪ್ರೇಮವಲ್ಲ, ರಕ್ಷಣೆಗೆ ಒಬ್ಬರು ಬೇಕೆಂಬ ಲೆಕ್ಕಾಚಾರ, ಆಮೇಲೆ ಅವನೇ ಅದನ್ನು ಬಾಯಿಬಿಟ್ಟು ಹೇಳುತ್ತಾನೆ.

ಆಟದ ನಡುಭಾಗದಲ್ಲಿ ಒಂದು ಚಿಕ್ಕ ಪ್ರಸಂಗವಿದೆ. ಅರಾಜ್ ಎಂಬ ರಕ್ತದ ವ್ಯಾಪಾರಿ ಹೆಂಗಸು ಅಸ್ಟೇರಿಯನ್ನನನ್ನು ನೋಡಿ, ಅವನು ತನ್ನನ್ನು ಕಚ್ಚಬೇಕು ಎಂದು ಆಸೆಪಡುತ್ತಾಳೆ. ಒಪ್ಪಿದರೆ ಮೈಯ ಕಸುವನ್ನು ಕಾಯಂ ಹೆಚ್ಚಿಸುವ ಔಷಧದ ಶೀಷೆ ನಿಮಗೆ. ಇಂಥ ಔಷಧ ಆಟದಲ್ಲಿ ಬಹಳ ಅಪರೂಪ. ಅಸ್ಟೇರಿಯನ್ನನಿಗೆ ಮನಸ್ಸಿಲ್ಲ. ಅವಳು ಅವನ ಜೊತೆ ಮಾತಾಡುವುದನ್ನು ಬಿಟ್ಟು ನಿಮ್ಮ ಜೊತೆ ಮಾತಾಡುತ್ತಾಳೆ, ಅವನು ನಿಮ್ಮ ಆಳು ಎನ್ನುವ ಹಾಗೆ. ತೆರೆಯ ಮೇಲೆ ಸಾಲುಗಳು ಮೂಡುತ್ತವೆ. ಒತ್ತಾಯಿಸಬಹುದು. ನಿನ್ನಿಷ್ಟ ಎನ್ನಬಹುದು.

ನನ್ನ ಬೆರಳು ಮೌಸಿನ ಮೇಲೆಯೇ ನಿಂತಿತು. ಅಣ್ಣನ ಮಗಳು ಅವಸರ ಮಾಡಿದಳು. "ಅತ್ತಿ, ಔಷಧ ತಗೋ, ಮುಂದ ಭಾಳ ಉಪಯೋಗ ಆಗ್ತದ."

"ಅಂವಗ ಮನಸ್ಸಿಲ್ಲಂತಲ್ಲ."

"ಒಂದ್ ಸಲ ಕಚ್ಚಿದ್ರ ಏನ್ ಆಗ್ತದ?"

ಮುದುಕಿ ಗಂಗಿಗೆ ಹೇಳಿದ್ದೂ ಹೆಚ್ಚುಕಡಿಮೆ ಇದೇ ಮಾತು. ನಾನು ನಿನ್ನಿಷ್ಟ ಎಂಬ ಸಾಲು ಒತ್ತಿದೆ. ಔಷಧ ಹೋಯಿತು. ಆಮೇಲೆ ಅವನು ಬಂದು ಆಡಿದ ಮಾತಿನಲ್ಲಿ ತನ್ನ ಇಲ್ಲಕ್ಕೂ ಬೆಲೆ ಇದೆ ಎಂದು ಇನ್ನೂರು ವರ್ಷದಲ್ಲಿ ಆಗಷ್ಟೇ ತಿಳಿದವನ ತಡವರಿಕೆ ಇತ್ತು. ಒತ್ತಾಯಿಸಿದರೆ ಅವನು ಕಚ್ಚುತ್ತಾನೆ, ಔಷಧವೂ ಸಿಗುತ್ತದೆ, ಮೀಟರ್ ಇಳಿಯುತ್ತದೆ. ನನಗೆ ಮೆಚ್ಚುಗೆಯಾದದ್ದು ಮೀಟರ್ ಇಳಿಯುವುದಲ್ಲ. ಲಾಭವನ್ನು ಆಟ ನಿಜವಾಗಿಯೂ ಕೊಡುತ್ತದೆ. ತಪ್ಪು ಮಾಡಿದರೆ ನಷ್ಟ ಎಂದು ಪುಸಲಾಯಿಸುವುದಿಲ್ಲ. ತಪ್ಪಿನಲ್ಲಿ ಲಾಭವಿದೆ, ಅದರ ಕಿಮ್ಮತ್ತು ಬೇರೆಯವನು ಕೊಡುತ್ತಾನೆ, ನೀನು ಅದನ್ನು ನೋಡು ಎನ್ನುತ್ತದೆ. ಬದುಕಿನಲ್ಲಿ ನಡೆಯುವುದೂ ಹೀಗೆಯೇ.

ಫೋನಿನ ಜಗಳಕ್ಕೆ ಕಾರಣವಾಗಿದ್ದ ಪ್ರಸಂಗ ಇನ್ನೂ ಮುಂದಿನದು. ಕಾಜಡಾರ್ ಒಂದು ಘೋರ ವಿಧಿ ನಡೆಸಲು ಹೊರಟಿದ್ದಾನೆ. ಏಳು ಸಾವಿರ ಜೀವಗಳ ಬಲಿ. ಆ ವಿಧಿಯ ಬರಹವನ್ನು ಅಸ್ಟೇರಿಯನ್ನನ ಬೆನ್ನಿನ ಮೇಲೆ ಕತ್ತಿಯಲ್ಲಿ ಕೊರೆದಿದ್ದಾನೆ, ತನ್ನ ಬೆನ್ನನ್ನು ತಾನು ಓದಲಾಗದ ಅಸ್ಟೇರಿಯನ್ನನಿಗೆ ಅಲ್ಲಿ ಏನಿದೆ ಎಂದು ತಿಳಿಯುವುದೇ ಇನ್ನೊಬ್ಬರ ಕಣ್ಣಿನಿಂದ. ಕಾಜಡಾರನನ್ನು ಸೋಲಿಸಿದ ಮೇಲೆ ಅಸ್ಟೇರಿಯನ್ನನಿಗೆ ಆಸೆ ಹುಟ್ಟುತ್ತದೆ: ಯಜಮಾನನ ಜಾಗದಲ್ಲಿ ತಾನು ನಿಂತು ವಿಧಿ ಮುಗಿಸಿದರೆ ಬಿಸಿಲಿನಲ್ಲಿ ನಡೆಯಬಹುದು, ಇನ್ನೆಂದೂ ಯಾರಿಗೂ ಹೆದರಬೇಕಿಲ್ಲ. ಅದಕ್ಕೆ ನಿಮ್ಮ ನೆರವು ಬೇಕು. ನೆರವು ಕೊಡಬಹುದು, ಅಥವಾ ಬ್ಯಾಡೋ ಎಂದು ಮಾತಿನಿಂದ ತಡೆಯಬಹುದು. ಆ ಮಾತು ನಾಟುತ್ತದೋ ಇಲ್ಲವೋ ಹೇಳುವುದು ದಾಳ.

ತಡೆದರೆ ಅವನು ಕಾಜಡಾರನನ್ನು ಇರಿದು ಇರಿದು ಕೊಂದು, ಕುಸಿದು ಅಳುತ್ತಾನೆ. ಬಿಸಿಲು ಅವನ ಪಾಲಿಗೆ ಇಲ್ಲವಾಗುತ್ತದೆ, ಆಟದ ಕೊನೆಗೆ ಸೂರ್ಯ ಮೈಸುಡಲು ಶುರುವಾದಾಗ ನೆರಳು ಹುಡುಕಿ ಓಡುತ್ತಾನೆ. ಬಿಟ್ಟರೆ ಎಲ್ಲವೂ ಸಿಗುತ್ತದೆ, ಬಿಸಿಲೂ ಬಲವೂ. ಆಮೇಲೆ ಅವನು ನಿಮ್ಮನ್ನು ಪ್ರೀತಿಸುವ ರೀತಿಯೇ ಬದಲಾಗುತ್ತದೆ. ನಿಮ್ಮನ್ನೂ ತನ್ನಂತೆ ಮಾಡಿಕೊಂಡು ತನ್ನವಳಾಗಿ, ತನ್ನದೇ ವಸ್ತುವಾಗಿ ಇಟ್ಟುಕೊಳ್ಳಲು ನೋಡುತ್ತಾನೆ. ಗುಲಾಮ ಯಜಮಾನನಾದ, ಗುಲಾಮಗಿರಿ ಹಾಗೇ ಉಳಿಯಿತು.

ತೀರ್ಮಾನ ಯಾರ ಕೈಯಲ್ಲಿ?

ಅಣ್ಣನ ಮಗಳ ಗೆಳತಿ ವಿಧಿ ಮುಗಿಸಲು ಬಿಟ್ಟವಳು. ಅವಳ ವಾದವನ್ನೂ ಸ್ಪೀಕರ್ ಹಾಕಿಸಿಕೊಂಡು ಕೇಳಿದೆ. "ಇನ್ನೂರು ವರ್ಷ ಕಷ್ಟಪಟ್ಟಾನ್ರೀ ಆಂಟಿ. ಅಂವಗ ಏನ್ ಬೇಕೋ ಅದು ಸಿಗಲಿ ಅಂತ ಬಿಟ್ಟೆ. ತಡಿಯೂಕ ನಾ ಯಾರು? ಆದರ ಆಟದವರು ನಾನಽ ಕೆಟ್ಟಾಕಿ ಅನ್ನೂಹಂಗ ತೋರಿಸಿಬಿಟ್ರು." ಈ ದೂರಿನಲ್ಲಿ ಹುರುಳಿದೆ. ಎರಡು ಬಾಗಿಲು ತೆರೆದಿಟ್ಟು, ಒಂದರೊಳಗೆ ಹೋದವರನ್ನು ಮಾತ್ರ ಕೈಯಲ್ಲಿ ಕೋಲು ಹಿಡಿದು ಕಾಯುವುದಾದರೆ ಅದು ಆಯ್ಕೆಯಲ್ಲ, ಪರೀಕ್ಷೆ. ಕೊಲೆಗಡುಕ ವಿಧಿಯೊಂದಕ್ಕೆ ಸಾವಿರಾರು ಜೀವ ಬಲಿಯಾದ ಮೇಲೆ ಪ್ರೇಮ ಮೊದಲಿನಂತೆಯೇ ಇರುತ್ತದೆ ಎಂದು ತೋರಿಸಿದ್ದರೆ ಅದು ಇನ್ನೂ ದೊಡ್ಡ ಸುಳ್ಳಾಗುತ್ತಿತ್ತು ಎಂಬುದೂ ಅಷ್ಟೇ ನಿಜ. ಸಂಗ್ಯಾ ಸಾಯದೆ ಗಂಗಿಯ ಜೊತೆ ಸುಖವಾಗಿದ್ದ ಎಂದು ಆಡಿದ್ದರೆ ಬೈಲಹೊಂಗಲದ ಜನ ಒಪ್ಪುತ್ತಿದ್ದರೇ?

ಆದರೆ ಅವಳ ಮಾತಿನಲ್ಲಿ ನನಗೆ ಚುಚ್ಚಿದ್ದು ಬೇರೆ. "ತಡಿಯೂಕ ನಾ ಯಾರು?" ತಡೆದವಳೂ ಬಿಟ್ಟವಳೂ ಇಬ್ಬರೂ ಅವನ ಬದುಕನ್ನು ತಾವೇ ನಿರ್ಧರಿಸಿದವರು. ಒಳ್ಳೆಯದು ಕೆಟ್ಟದ್ದು ಎಂಬ ಜಗಳದ ಗದ್ದಲದಲ್ಲಿ ಈ ಪ್ರಶ್ನೆ ಮುಚ್ಚಿಹೋಗುತ್ತದೆ: ಇನ್ನೊಬ್ಬರ ಆತ್ಮದ ಮೇಲೆ ದಾಳ ಹಾಕುವ ಹಕ್ಕು ಪ್ರೀತಿಸಿದ ಮಾತ್ರಕ್ಕೆ ಬರುತ್ತದೆಯೇ?

ಈ ಪ್ರಶ್ನೆಯನ್ನು ನಾನು ಸವದತ್ತಿಯಲ್ಲಿ ಕೂತು ಕೇಳುತ್ತಿದ್ದೇನೆ ಎಂಬುದು ನೆನಪಿರಲಿ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಉಧೋ ಉಧೋ ಎನ್ನುತ್ತ ಲಕ್ಷಗಟ್ಟಲೆ ಜನ ಏರಿ ಬರುವ ರೇಣುಕಾದೇವಿಯ ಈ ಗುಡ್ಡದ ಕಥೆಯೂ ಒಂದು ತೀರ್ಮಾನದ ಕಥೆಯೇ. ಮರಳಿನ ಕೊಡದಲ್ಲಿ, ಹಾವಿನ ಸಿಂಬಿಯ ಮೇಲೆ ನೀರು ತರುತ್ತಿದ್ದ ರೇಣುಕೆಯ ಮನಸ್ಸು ಒಂದು ಗಳಿಗೆ ಹೊಳೆಯಲ್ಲಿ ಜಲಕ್ರೀಡೆಯಾಡುವವರ ಕಡೆ ಹೋಯಿತು. ಕೊಡ ನಿಲ್ಲಲಿಲ್ಲ. ಗಂಡ ಜಮದಗ್ನಿ ಅವಳ ತಲೆ ಕಡಿಯಲು ಮಕ್ಕಳಿಗೆ ಹೇಳಿದ. ಹಿರಿಯ ಮಕ್ಕಳು ಒಲ್ಲೆ ಎಂದು ಶಾಪ ತಿಂದರು. ಪರಶುರಾಮ ಕೊಡಲಿ ಎತ್ತಿದ, ಆಮೇಲೆ ವರ ಕೇಳಿ ತಾಯಿಯನ್ನು ಬದುಕಿಸಿಕೊಂಡ. ತಂದೆಯ ಮಾತೂ ಉಳಿಯಿತು, ತಾಯಿಯೂ ಉಳಿದಳು. ಅಣ್ಣನ ಮಗಳಿಗೆ ಇದನ್ನು ಹೇಳಿದಾಗ ಅವಳು ಚಪ್ಪಾಳೆ ತಟ್ಟಿ ನಕ್ಕಳು. "ಅತ್ತಿ, ಅಂವ ಮೊದಲಽ ಸೇವ್ ಮಾಡಿ ಇಟ್ಕೊಂಡಿದ್ದ!" ಕೆಟ್ಟ ಫಲ ಬಂದರೆ ಹಳೆಯ ಜಾಗಕ್ಕೆ ಹೋಗಿ ಮತ್ತೆ ಆಡುವುದು ಕಂಪ್ಯೂಟರ್ ಆಟದವರ ನಿತ್ಯದ ಅಭ್ಯಾಸ.

ನಗುವ ಮಾತೇ. ಆದರೆ ಆ ಕಥೆಯಲ್ಲಿ ಜಮದಗ್ನಿಗೆ ಒಂದು ಆಯ್ಕೆ ಇತ್ತು, ಪ್ರತಿ ಮಗನಿಗೂ ಒಂದೊಂದು ಆಯ್ಕೆ ಇತ್ತು. ರೇಣುಕೆಯನ್ನು ಯಾರೂ ಏನೂ ಕೇಳಲಿಲ್ಲ. ದೇವಿಯ ಹೆಸರಿನಲ್ಲಿ ಎಷ್ಟೋ ಕಾಲ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರಾಗಿ ಮಾಡಿದಾಗಲೂ ಆ ಹುಡುಗಿಯರನ್ನು ಯಾರೂ ಕೇಳಿರಲಿಲ್ಲ. ಅದನ್ನು ತಡೆಯಲು ಕರ್ನಾಟಕ 1982ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. ಹಾಗಾಗಿ ತೆರೆಯ ಮೇಲಿನ ಜೊತೆಗಾರನ ಬಾಳಿಗೆ ಈ ಸಾಲು ಒತ್ತಬೇಕೋ ಆ ಸಾಲು ಒತ್ತಬೇಕೋ ಎಂದು ನನ್ನನ್ನು ಕೇಳಿದಾಗ ಅದು ಬರೀ ಆಟ ಎಂದು ತಳ್ಳಿಹಾಕಲು ನನಗೆ ಆಗುವುದಿಲ್ಲ. ಅಣ್ಣನ ಮಗಳ ವಾದ ನೇರ: ಆಡುವವರ ಕೈಗೆ ಏನೂ ಕೊಡದಿದ್ದರೆ ಅದು ಆಟವೇ ಅಲ್ಲ, ಸಿನಿಮಾ. ಅದೂ ಸರಿ. ಪ್ರಶ್ನೆ ಆಯ್ಕೆ ಕೊಡಬೇಕೋ ಬೇಡವೋ ಎಂಬುದಲ್ಲ, ಜೊತೆಗಾರನಿಗೂ ಒಂದು ಪಾಲು ಉಳಿಸಬೇಕೋ ಬೇಡವೋ ಎಂಬುದು.

ಉಳಿಸಿದ ಆಟಗಳೂ ಇವೆ. 2015ರಲ್ಲಿ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆ ತಂದ 'ದಿ ವಿಚರ್ 3'ರ ನಾಯಕ ಗೆರಾಲ್ಟ್ ಯೆನ್ನೆಫರ್ ಮತ್ತು ಟ್ರಿಸ್ ಇಬ್ಬರಿಗೂ ನೀನೇ ನನ್ನ ಪ್ರಾಣ ಎಂದು ಹೇಳಬಹುದು. ಆಟ ಬೈಯುವುದಿಲ್ಲ, ಅಂಕ ಕಡಿಯುವುದಿಲ್ಲ. ಇಬ್ಬರೂ ನಗುನಗುತ್ತಲೇ ಅವನನ್ನು ಕರೆಸಿಕೊಂಡು ಮಂಚಕ್ಕೆ ಕಟ್ಟಿಹಾಕಿ, ಬಾಗಿಲು ಎಳೆದುಕೊಂಡು ಹೋಗಿಬಿಡುತ್ತಾರೆ. ಕೃಷ್ಣನಿಗೆ ದಕ್ಕಿದ ಜಾಣತನ ಗೆರಾಲ್ಟ್‌ಗೆ ದಕ್ಕಲಿಲ್ಲ. ಅಲ್ಲಿ ತೀರ್ಪು ಕೊಟ್ಟವರು ಆಟ ಬರೆದವರ ಪರವಾಗಿ ನಿಂತ ಯಾವುದೋ ನೀಲಿ ಕೆಂಪು ಪಟ್ಟಿಯಲ್ಲ, ಮೋಸಹೋದ ಇಬ್ಬರು ಹೆಂಗಸರು. 'ಡ್ರ್ಯಾಗನ್ ಏಜ್: ಒರಿಜಿನ್ಸ್'ನ ಅಲಿಸ್ಟೇರ್, ತನ್ನವರನ್ನು ಸಾಯಲು ಬಿಟ್ಟುಹೋದ ಸೇನಾಪತಿಯನ್ನು ನೀವು ಕ್ಷಮಿಸಿದರೆ ಎಷ್ಟೇ ಕಾಣಿಕೆ ಕೊಟ್ಟಿದ್ದರೂ ಜೊತೆಯಲ್ಲಿ ನಿಲ್ಲುವುದಿಲ್ಲ. ಮೀಟರ್ ತುಂಬಿದ್ದರೂ ಅವನಿಗೆ ದಾಟಲಾಗದ ಗೆರೆಯೊಂದಿದೆ. ಇಂಥ ಕಡೆ ಜೊತೆಗಾರ ಬಹುಮಾನವಾಗಿ ಉಳಿಯದೆ ಮನುಷ್ಯನಾಗುತ್ತಾನೆ.

ಮಕ್ಕಳು ಇಂಥ ಆಟ ಆಡುತ್ತಾರೆ, ಕೆಡುತ್ತಾರೆ ಎಂದು ಶಾಲೆಯ ಸಭೆಯಲ್ಲಿ ಪಾಲಕರು ದೂರುತ್ತಾರೆ. ವಯಸ್ಸಿಗೆ ತಕ್ಕದ್ದಲ್ಲದ ಆಟವಾದರೆ ಬೇಡವೆನ್ನಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹರೆಯಕ್ಕೆ ಬಂದ ಮಗನೋ ಮಗಳೋ ಆಡುತ್ತಿದ್ದರೆ ಪಕ್ಕದಲ್ಲಿ ಕೂತು ನೀನು ಒಳ್ಳೆಯ ದಾರಿ ಆರಿಸಿದೆಯಾ ಎಂದು ಕೇಳಬೇಡಿ. ಅದಕ್ಕೆ ಅವರ ಹತ್ತಿರ ಸಿದ್ಧ ಉತ್ತರ ಇರುತ್ತದೆ, ಅಂಕದ ಸಮೇತ. ನಿನ್ನ ಜೊತೆಗಾರ ಬ್ಯಾಡ ಅಂದಾಗ ನೀನು ಏನು ಮಾಡಿದೆ ಎಂದು ಕೇಳಿ. ಅವನು ಬ್ಯಾಡ ಅನ್ನಲು ಆ ಆಟದಲ್ಲಿ ಜಾಗವಾದರೂ ಇದೆಯೇ ಎಂದು ಕೇಳಿ. ನನ್ನ ತರಗತಿಯಲ್ಲಿ ಸಂಗ್ಯಾ ಬಾಳ್ಯಾದ ಕಥೆ ಹೇಳಿ ಗಂಗಿಯ ಕಡೆಯಿಂದ ಬರೆಯಿರಿ ಎಂದಾಗ ಮೊದಲು ಪೆನ್ನು ಎತ್ತಿದವರು ಹುಡುಗಿಯರು. ಹುಡುಗರಿಗೆ ಹೊತ್ತು ಹಿಡಿಯಿತು, ಆದರೂ ಬರೆದರು.

ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಈಗ ಗೇಮ್ ಮಾಡಲು ಕಲಿಯುವ ನಮ್ಮ ಹುಡುಗ ಹುಡುಗಿಯರಿದ್ದಾರೆ. ಅವರಲ್ಲಿ ಯಾರಾದರೂ ಒಂದು ದಿನ ಸಂಗ್ಯಾ ಬಾಳ್ಯಾವನ್ನೇ ಆಟ ಮಾಡಲು ಹೊರಟರೆ ನನ್ನದೊಂದು ಬೇಡಿಕೆ. ಆಡುವವನಿಗೆ ಸಂಗ್ಯಾನ ವೇಷ ಕೊಡಿ, ಬೇಕಾದರೆ ಬಾಳ್ಯಾನದೂ ಕೊಡಿ. ಮೀಟರ್ ಇಡಿ, ದಾಳ ಇಡಿ, ಸೀರೆ ಬಂಗಾರವನ್ನೂ ಇಡಿ. ಗಂಗಿಯ ಬ್ಯಾಡವನ್ನು ಮಾತ್ರ ಯಾವ ದಾಳವೂ ಗೆಲ್ಲದ ಹಾಗೆ ಬರೆಯಿರಿ. ಅವಳು ಒಲಿಯುವುದಾದರೆ ತಾನಾಗಿ ಒಲಿಯಲಿ, ಒಲ್ಲೆ ಎಂದರೆ ಆಟ ಅಲ್ಲಿಗೇ ಮುಗಿಯದೆ ಮುಂದೆ ನಡೆಯಲಿ. ಒಲ್ಲೆ ಅನ್ನಿಸಿಕೊಂಡ ಮೇಲೂ ಸಂಗ್ಯಾ ಏನು ಮಾಡುತ್ತಾನೆ ಎಂಬುದರಲ್ಲೇ ಅವನ ಧರ್ಮವೂ ಅಧರ್ಮವೂ ಗೊತ್ತಾಗುವುದು.